ಒಂದೂವರೆ ಸುತ್ತು

ಬೆಳಗಿನ ಜಾವ ಐದೂವರೆ. ಬೆಂಗಳೂರಿನ ಗೊರಗುಂಟೆಪಾಳ್ಯದಲ್ಲಿ ಕರಾವಳಿ ಕಡೆಯ ಬಸ್ಸುಗಳು ಒಂದರ ಹಿಂದೆ ಒಂದು ಬಂದು ನಿಲ್ಲುವ ಹೊತ್ತು. ನಮ್ಮೂರ ಬಸ್ಸಿನ ಹುಡುಗ ಡಿಕ್ಕಿ ತೆಗೆದು, ಗೋಣಿಚೀಲವೊಂದನ್ನು ಎರಡೂ ಕೈಯಲ್ಲಿ ಎಳೆದು ಕೆಳಗಿಟ್ಟ. "ಒಣಮೀನಾ ಅಕ್ಕಾ?" ಅಂತ ಕೇಳಿದ. ವಾಸನೆ ಹಾಗೇ ಇತ್ತು. ಒಳಗಿದ್ದದ್ದು ಮಾತ್ರ ಅಣ್ಣನ ದೋಣಿಯ ಇಂಜಿನ್.

ಸಣ್ಣ ಔಟ್‌ಬೋರ್ಡ್ ಇಂಜಿನ್ ಅದು. ದೋಣಿಯ ಹಿಂಭಾಗದ ಹಲಗೆಗೆ ಸಿಕ್ಕಿಸಿ ಬಿಗಿಯುವಂಥದ್ದು. 5 ಎಚ್‌ಪಿ, ಒಂದೇ ಸಿಲಿಂಡರ್, 2-ಸ್ಟ್ರೋಕ್, ತೂಕ ಸುಮಾರು 20 ಕೆಜಿ. ಬಸ್ಸಿಗೆ ಹಾಕುವ ಮೊದಲು ಪೆಟ್ರೋಲ್ ಪೂರ್ತಿ ಖಾಲಿ ಮಾಡಬೇಕು ಅಂತ ಅಣ್ಣನಿಗೆ ಮೂರು ಸಲ ಹೇಳಿದ್ದೆ. ಮಾಡಿದ್ದ. ಚೀಲದ ಮೂಲೆಯಲ್ಲಿ ಒಂದು ಸುರುಳಿ ತಂಗೂಸಿ ದಾರವೂ ಉಳಿದುಕೊಂಡಿತ್ತು. ಬಲೆ ಸರಿಮಾಡುವಾಗ ಬಿದ್ದಿರಬೇಕು. ಅದು ಎಷ್ಟು ಉಪಯೋಗಕ್ಕೆ ಬರುತ್ತದೆ ಅಂತ ಆಗ ಗೊತ್ತಿರಲಿಲ್ಲ.

ಅಣ್ಣ ಇರುವುದು ಗಂಗೊಳ್ಳಿಯಲ್ಲಿ. ಐದು ಹೊಳೆಗಳು ಕೂಡಿ ಪಂಚಗಂಗಾವಳಿಯಾಗಿ ಸಮುದ್ರ ಸೇರುವ ಜಾಗ. ಬಂದರಿನಲ್ಲಿ ದೊಡ್ಡ ದೊಡ್ಡ ಬೋಟುಗಳಿವೆ. ಅಣ್ಣನದು ಪುಟ್ಟ ದೋಣಿ. ಹೊಳೆಯಲ್ಲೇ ಬಲೆ ಬಿಡುತ್ತಾನೆ. ಏಡಿ, ಕಾಣೆ, ಸಿಗಡಿ, ಆ ದಿನ ಸಿಕ್ಕಿದ್ದು. ಜೂನಿನಲ್ಲಿ ಹೊಳೆ ಕೆಂಪಾಗಿ ಉಕ್ಕಿತು ಅಂದರೆ ಇಂಜಿನ್ ಬಿಚ್ಚಿ ಮನೆಯೊಳಗೆ ತಂದಿಡುತ್ತಾನೆ. ಈ ಸಲವೂ ಹಾಗೇ ಇಟ್ಟ. ಸೆಪ್ಟೆಂಬರಿನಲ್ಲಿ ತೆಗೆದು ಹಗ್ಗ ಎಳೆದರೆ ಇಂಜಿನ್ ಏಳಲಿಲ್ಲ. ಹತ್ತಿಪ್ಪತ್ತು ಸಲ ಎಳೆದ ಮೇಲೆ ಚೋಕ್ ಹಾಕಿದರೆ, ಅಂದರೆ ಗಾಳಿಯ ಬಾಯಿ ಮುಚ್ಚಿ ಪೆಟ್ರೋಲ್ ಜಾಸ್ತಿ ಎಳೆಯುವಂತೆ ಮಾಡಿದರೆ, ಓಡುತ್ತಿತ್ತು. ಚೋಕ್ ಬಿಟ್ಟ ಕೂಡಲೇ ಎರಡು ಸಲ ಕೆಮ್ಮಿ ನಿಲ್ಲುತ್ತಿತ್ತು. ಮಳೆಗಾಲದ ರಜೆ ಮುಗಿದು ಮೀನುಗಾರಿಕೆ ಶುರುವಾದ ಸಮಯ ಬೇರೆ. ಊರಿನ ಮೆಕ್ಯಾನಿಕ್‌ಗಳ ಕೈ ತುಂಬ ನಾಡದೋಣಿಗಳ ದೊಡ್ಡ ಸೀಮೆಎಣ್ಣೆ ಇಂಜಿನ್‌ಗಳು. ಇವನ ಪುಟ್ಟ ಇಂಜಿನ್ನಿಗೆ "ಮುಂದಿನ ವಾರ ಬಾ" ಅನ್ನುವ ಉತ್ತರ ಸಿಕ್ಕು ಮೂರು ವಾರ ಆಗಿತ್ತು.

ಫೋನಿನಲ್ಲಿ ಆ ಕೆಮ್ಮು ಕೇಳಿಸಿಕೊಂಡು ನಾನೇ ಹೇಳಿದೆ, "ಕಳಿಸು, ನಾನು ನೋಡುತ್ತೇನೆ."

ಹಾಗೆ ಹೇಳಲು ಧೈರ್ಯ ಎಲ್ಲಿಂದ ಬಂತು ಅಂದರೆ, ನನ್ನ ಕೆಲಸದಿಂದ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಚೆಕ್ಕಿಂಗ್ ನನ್ನದು. ಹದಿನೆಂಟು ವರ್ಷದಿಂದ ಸಣ್ಣ ತೂತುಗಳನ್ನು ಅಳೆಯುತ್ತಿದ್ದೇನೆ. ಪಿನ್ ಗೇಜ್ ಹಾಕಿ, ಇದು ಸರಿ, ಇದು ತಪ್ಪು ಅಂತ ಬೇರೆ ಮಾಡುವುದು. ಅರ್ಧ ಮಿಲಿಮೀಟರ್ ಅನ್ನುವುದು ಬೇರೆಯವರಿಗೆ ಏನೂ ಅಲ್ಲದ ಅಳತೆ. ನನಗೆ ಅದು ದಿನದ ಅನ್ನ. ಇಂಜಿನ್ನಿಗೆ ಗಾಳಿ, ಪೆಟ್ರೋಲ್ ಬೆರೆಸಿ ಕೊಡುವ ಕಾರ್ಬುರೇಟರ್ ಅಂದರೆ ಅಂಥ ತೂತುಗಳದ್ದೇ ಒಂದು ಸಂಸಾರ. ನನ್ನ ಹಳೆಯ ಸ್ಕೂಟರಿನ ಕಾರ್ಬುರೇಟರನ್ನು ನಾನೇ ಎಷ್ಟೋ ಸಲ ಬಿಚ್ಚಿ ಜೋಡಿಸಿದ್ದೆ. ದೋಣಿಯದೂ ಅದರ ಅಣ್ಣತಮ್ಮನೇ ತಾನೇ ಅಂದುಕೊಂಡೆ.

ಬಾಡಿಗೆ ಮನೆ ಲಗ್ಗೆರೆಯಲ್ಲಿ. ತಾರಸಿಗೆ ಹೊತ್ತೊಯ್ದು ಮೊದಲು ಇಡೀ ಇಂಜಿನ್ನಿಗೆ ಸಿಹಿನೀರಿನ ಸ್ನಾನ ಮಾಡಿಸಿದೆ. ಉಪ್ಪು ಕೂತ ಕಡೆಯೆಲ್ಲ ಅಲ್ಯೂಮಿನಿಯಂ ಬಿಳಿ ಬೂದಿಯ ಹಾಗೆ ಉದುರುತ್ತಿತ್ತು. ಸ್ಕ್ರೂಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದು ರಾತ್ರಿಯಿಡೀ ಬಿಟ್ಟೆ. ಇದೊಂದು ಮಾತು ಮಾತ್ರ ಒತ್ತಿ ಹೇಳುತ್ತೇನೆ. ಜಪಾನಿ ಇಂಜಿನ್ನಿನ ಸ್ಟಾರ್ ಸ್ಕ್ರೂಗಳ ತಲೆಗೆ ನಮ್ಮ ಅಂಗಡಿಗಳ ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್ ಪೂರ್ತಿ ಕೂರುವುದಿಲ್ಲ. ಆಳದ ಲೆಕ್ಕ ಬೇರೆ. ಅವಸರದಲ್ಲಿ ತಿರುಗಿಸಿದರೆ ತಲೆ ಸವೆದುಹೋಗುತ್ತದೆ, ಆಮೇಲೆ ಡ್ರಿಲ್ ಹಾಕಿಯೇ ತೆಗೆಯಬೇಕು. ಸರಿಯಾದ ತುದಿ ಹುಡುಕಿ, ಸ್ಕ್ರೂ ಮೇಲೆ ಇಟ್ಟು, ಸುತ್ತಿಗೆಯಲ್ಲಿ ಮೆಲ್ಲಗೆ ಎರಡು ತಟ್ಟಿ, ಆಮೇಲೆ ತಿರುಗಿಸಬೇಕು.

ಕಾರ್ಬುರೇಟರ್ ಕೆಲಸ ಮಾಡುವ ರೀತಿ ನನಗೆ ಇವತ್ತಿಗೂ ಆಶ್ಚರ್ಯ. ಹಿಂದೆ ಮನೆಗಳಲ್ಲಿ ಸೊಳ್ಳೆಗೆ ಫ್ಲಿಟ್ ಹೊಡೆಯುತ್ತಿದ್ದರಲ್ಲ, ಆ ಪಂಪಿನದೇ ತತ್ವ. ಗಾಳಿ ಜೋರಾಗಿ ಹೋಗುವ ಕಡೆ ಒತ್ತಡ ಇಳಿಯುತ್ತದೆ. ಪಿಸ್ಟನ್ ಗಾಳಿ ಎಳೆದುಕೊಳ್ಳುವಾಗ ಅದು ಒಂದು ಕಿರಿದಾದ ಗಂಟಲಿನ ಮೂಲಕ ನುಗ್ಗಬೇಕು. ಅಲ್ಲಿ ಒತ್ತಡ ಇಳಿದಾಗ ಕೆಳಗಿನ ಬಟ್ಟಲಿನಲ್ಲಿರುವ ಪೆಟ್ರೋಲನ್ನು ಹೊರಗಿನ ಗಾಳಿ ಒತ್ತಿ ಮೇಲಕ್ಕೆ ತಳ್ಳುತ್ತದೆ. ಪೆಟ್ರೋಲ್ ಜೆಟ್ ಅನ್ನುವ ಸಣ್ಣ ಹಿತ್ತಾಳೆ ತುಂಡಿನ ತೂತಿನಿಂದ ಹಾದು ಹನಿಹನಿಯಾಗಿ ಗಾಳಿಯಲ್ಲಿ ಸೇರುತ್ತದೆ. ಬಟ್ಟಲು ಸದಾ ಒಂದೇ ಮಟ್ಟದಲ್ಲಿರಲು ಒಳಗೊಂದು ಫ್ಲೋಟ್ ತೇಲುತ್ತದೆ. ಮಟ್ಟ ಏರಿದರೆ ಅದು ಸೂಜಿಯನ್ನು ಮೇಲೆತ್ತಿ ಬಾಗಿಲು ಮುಚ್ಚುತ್ತದೆ. ನಮ್ಮ ತಾರಸಿಯ ನೀರಿನ ಟ್ಯಾಂಕಿನ ಬಾಲ್ ವಾಲ್ವ್ ಇದ್ದ ಹಾಗೆ. ಜರ್ಮನಿಯ ವಿಲ್‌ಹೆಲ್ಮ್ ಮೇಬ್ಯಾಕ್ 1893ರ ಹೊತ್ತಿಗೇ ಹೀಗೆ ಪೆಟ್ರೋಲ್ ಚಿಮ್ಮಿಸುವ ಕಾರ್ಬುರೇಟರ್ ಮಾಡಿದ್ದರು. ವಿದ್ಯುತ್ತಿಲ್ಲ, ಸೆನ್ಸರ್ ಇಲ್ಲ. ಗಾಳಿಯ ಒತ್ತಡ ಮತ್ತು ಒಂದು ತೂತು, ಇಷ್ಟರಲ್ಲೇ ಎಲ್ಲ ಲೆಕ್ಕ. ಈ ಮಾತು ಮುಂದೆ ಬೇಕಾಗುತ್ತದೆ.

ಮಾರನೇ ದಿನ ಭಾನುವಾರ. ಹಳೆಯ ಬಿಳಿ ಪಂಚೆ ಹಾಸಿ ಕೂತೆ. ಬಿಳಿ ಬಟ್ಟೆಯ ಮೇಲೆ ಸಾಸಿವೆಯಷ್ಟು ಚಿಕ್ಕ ಸ್ಪ್ರಿಂಗ್ ಬಿದ್ದರೂ ಕಾಣುತ್ತದೆ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ. ಗಾಳಿ-ಪೆಟ್ರೋಲಿನ ಪ್ರಮಾಣ ಹೊಂದಿಸುವ ಮಿಶ್ರಣದ ಸ್ಕ್ರೂ ಬಿಚ್ಚುವ ಮೊದಲು ಅದನ್ನು ಮೆಲ್ಲಗೆ ಪೂರ್ತಿ ಒಳಕ್ಕೆ ತಿರುಗಿಸುತ್ತಾ ಎಷ್ಟು ಸುತ್ತು ಅಂತ ಎಣಿಸಿದೆ. ತಳ ಮುಟ್ಟಿದ ಮೇಲೆ ಬಿಗಿಯಬಾರದು, ಅದರ ಮೊನೆ ಹಾಳಾಗುತ್ತದೆ. ಸರಿಯಾಗಿ ಒಂದೂವರೆ ಸುತ್ತು. ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟೆ.

ಬಟ್ಟಲು ತೆಗೆದಾಗ ಕಂಡದ್ದು ನೋಡಿ ಅಯ್ಯೋ ಅನ್ನಿಸಿತು. ತಳದಲ್ಲಿ ಬೆಲ್ಲದ ಪಾಕ ಒಣಗಿದ ಹಾಗೆ ಕಂದು ಬಣ್ಣದ ಅಂಟು. ಒಂದು ಮೂಲೆಯಲ್ಲಿ ನೀರು ನಿಂತು ಒಣಗಿದ ಬಿಳಿ ಕಲೆ. ಹಿತ್ತಾಳೆ ಜೆಟ್ಟಿನ ಮೇಲೆ ಹಸಿರು ಕಿಲುಬು. ಇದೆಲ್ಲ ಜೂನಿನಲ್ಲಿ ಬಟ್ಟಲಲ್ಲಿ ಉಳಿದ ಒಂದು ಹಿಡಿ ಪೆಟ್ರೋಲಿನ ಕೆಲಸ. ಅಣ್ಣ ಟ್ಯಾಂಕ್ ಖಾಲಿ ಮಾಡಿ ಇಡುತ್ತಿದ್ದ. ಬಟ್ಟಲಿನ ಕೆಳಗೊಂದು ಸಣ್ಣ ಸ್ಕ್ರೂ ಇದೆ, ಅದನ್ನು ಬಿಚ್ಚಿದರೆ ಒಳಗಿನದ್ದೂ ಸುರಿದುಹೋಗುತ್ತದೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಒಂದು ನಿಮಿಷದ ಕೆಲಸ. ದೋಣಿ ಇಂಜಿನ್ ಇರುವವರು ಈ ಬರಹದಲ್ಲಿ ಬೇರೇನೂ ನೆನಪಿಡದಿದ್ದರೂ ಪರವಾಗಿಲ್ಲ, ಆ ಸ್ಕ್ರೂ ನೆನಪಿಡಿ.

ಈಗಿನ ಪೆಟ್ರೋಲಿಗೆ ಇದು ಇನ್ನೂ ಮುಖ್ಯ. ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್ ಮೊದಲು ಬಿಡುಗಡೆಯಾದದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು, ತುಮಕೂರು ರಸ್ತೆಯ ಪ್ರದರ್ಶನ ಕೇಂದ್ರದಲ್ಲಿ. ನಾನು ದಿನಾ ಕೆಲಸಕ್ಕೆ ಹೋಗುವ ದಾರಿಗೆ ಹತ್ತಿರವೇ. ಈಗ ಬಂಕುಗಳಲ್ಲೆಲ್ಲ ಅದೇ. ಎಥನಾಲ್ ಗಾಳಿಯ ತೇವವನ್ನು ಕುಡಿಯುತ್ತದೆ. ತೇವ ಜಾಸ್ತಿಯಾದರೆ ನೀರು ಮತ್ತು ಎಥನಾಲ್ ಒಟ್ಟಾಗಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಕೂರುತ್ತವೆ. ಕರಾವಳಿಯ ಮಳೆಗಾಲದಲ್ಲಿ ತೇವಕ್ಕೆ ಏನು ಬರ? ಜೆಟ್ ಇರುವುದೂ ಬಟ್ಟಲಿನ ತಳದಲ್ಲೇ. ಇನ್ನೊಂದು ವಿಷಯ. ಪೆಟ್ರೋಲ್ ಪೂರ್ತಿ ಉರಿಯಲು ಅದರ ತೂಕದ 14.7 ಪಾಲು ಗಾಳಿ ಬೇಕು. ಎಥನಾಲಿಗೆ 9 ಪಾಲು ಸಾಕು. ಅಂದರೆ ಹಳೆಯ ಕಾಲದ ಜೆಟ್ಟಿನಲ್ಲಿ ಈ ಪೆಟ್ರೋಲ್ ಹಾಕಿದರೆ ಗಾಳಿಯ ಪಾಲೇ ಸ್ವಲ್ಪ ಹೆಚ್ಚಾಗಿ, ಮಿಶ್ರಣ ತೆಳುವಾಗುತ್ತದೆ.

ಸ್ಲೋ ಜೆಟ್ ಹೊರಗೆ ತೆಗೆದು ಬೆಳಕಿಗೆ ಹಿಡಿದೆ. ಕತ್ತಲು. ಸುಮಾರು ಅರ್ಧ ಮಿಲಿಮೀಟರಿನ ಆ ತೂತು ಪೂರ್ತಿ ಕಟ್ಟಿಹೋಗಿತ್ತು. ಇಂಜಿನ್ ನಿಧಾನ ಓಡುವಾಗ ಪೆಟ್ರೋಲ್ ಬರುವುದು ಈ ದಾರಿಯಿಂದ. ಚೋಕ್ ಹಾಕಿದರೆ ಎಳೆತ ಜೋರಾಗಿ ಬೇರೆ ದಾರಿಯಿಂದ ಹೇಗೋ ಪೆಟ್ರೋಲ್ ಬರುತ್ತಿತ್ತು, ಬಿಟ್ಟರೆ ಇಲ್ಲ. ಅಣ್ಣ ಫೋನಿನಲ್ಲಿ ಹೇಳಿದ ಕಥೆಗೆ ಉತ್ತರ ಬೆರಳ ತುದಿಯಲ್ಲಿತ್ತು.

ಇಂಥ ತೂತಿಗೆ ಬಹಳ ಜನ ಸೂಜಿ ಹಾಕುತ್ತಾರೆ, ಉಕ್ಕಿನ ತಂತಿ ಹಾಕುತ್ತಾರೆ. ನನಗೆ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಹಿತ್ತಾಳೆ ಮೆದು. 0.45 ಮಿ.ಮೀ. ತೂತು ಉಜ್ಜಿ ಉಜ್ಜಿ 0.50 ಆದರೆ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಲೆಕ್ಕ ಹಾಕಿ ನೋಡಿ, ತೂತಿನ ಅಗಲ ಅಷ್ಟು ಬದಲಾದರೆ ಅದರ ವಿಸ್ತೀರ್ಣ ನೂರಕ್ಕೆ 23ರಷ್ಟು ಹೆಚ್ಚಾಗುತ್ತದೆ. ಜೆಟ್ ಅನ್ನುವುದು ತೂತಲ್ಲ, ಅಳತೆ. ಅದಕ್ಕೆ ಕಾರ್ಬುರೇಟರ್ ಕ್ಲೀನರ್ ಹೊಡೆದು, ನೆನೆಹಾಕಿ, ಕಾಯುವುದೇ ದಾರಿ. ಸ್ಪ್ರೇ ಹೊಡೆಯುವ ಮೊದಲು ರಬ್ಬರ್ ಭಾಗಗಳನ್ನೆಲ್ಲ ತೆಗೆದಿಡಬೇಕು, ಕಣ್ಣಿಗೆ ಕನ್ನಡಕ ಇರಬೇಕು. ಒಂದು ಕಡೆಯಿಂದ ಹೊಡೆದರೆ ಇನ್ನೊಂದು ತೂತಿನಿಂದ ನೇರ ಮುಖಕ್ಕೇ ಚಿಮ್ಮುತ್ತದೆ.

ಎರಡು ಗಂಟೆ ನೆನೆದ ಮೇಲೂ ಜೆಟ್ ತೆರೆಯಲಿಲ್ಲ. ಆಗ ಚೀಲದಲ್ಲಿ ಬಂದಿದ್ದ ತಂಗೂಸಿ ದಾರ ನೆನಪಾಯಿತು. ಮೈಕ್ರೋಮೀಟರಿಗೆ ಹಿಡಿದು ಅಳೆದೆ. 0.40. ನೈಲಾನ್ ಹಿತ್ತಾಳೆಗಿಂತ ಮೆದು, ಗೀರುವ ಭಯವಿಲ್ಲ. ತುದಿಯನ್ನು ಓರೆಯಾಗಿ ಕತ್ತರಿಸಿ, ಮೆಲ್ಲಗೆ ಹಿಂದೆ ಮುಂದೆ ಮಾಡಿದೆ. ಮೂರನೇ ಸಲ ಏನೋ ಬಿಟ್ಟುಕೊಟ್ಟ ಹಾಗಾಯಿತು. ಮತ್ತೆ ಕ್ಲೀನರ್, ಮತ್ತೆ ದಾರ. ಸೂರ್ಯನಿಗೆ ಹಿಡಿದರೆ ಒಂದು ಚುಕ್ಕೆ ಬೆಳಕು, ದುಂಡಗೆ. ಏಡಿ ಹಿಡಿಯುವ ಬಲೆಯ ದಾರ, ದೋಣಿಯನ್ನೇ ಮತ್ತೆ ಹೊಳೆಗಿಳಿಸುವ ಕೆಲಸಕ್ಕೆ ಬಂತಲ್ಲ ಅಂತ ಸುಮ್ಮನೆ ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ಕೂತೆ.

ಕಾರ್ಬುರೇಟರಿನ ಮೈಯೊಳಗಿನ ದಾರಿಗಳಿಗೆ ಲಗ್ಗೆರೆ ಬ್ರಿಡ್ಜ್ ಹತ್ತಿರದ ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿದೆ. ಫ್ಲೋಟ್ ಎತ್ತುವ ಸೂಜಿಯ ಮೊನೆಯಲ್ಲಿ ಸವೆದ ಗೆರೆ ಇದೆಯಾ ಅಂತ ಭೂತಗನ್ನಡಿಯಲ್ಲಿ ನೋಡಿದೆ, ಇರಲಿಲ್ಲ. ಫ್ಲೋಟನ್ನು ಅಲುಗಾಡಿಸಿ ಕಿವಿಗೆ ಹಿಡಿದೆ, ಒಳಗೆ ಪೆಟ್ರೋಲ್ ಸೇರಿದ್ದರೆ ಸದ್ದು ಬರುತ್ತದೆ. ಬರಲಿಲ್ಲ.

ಪ್ಯಾಕಿಂಗ್ ಮಾತ್ರ ಹರಿದಿತ್ತು. ಕಾರ್ಬುರೇಟರ್ ಇಂಜಿನ್ನಿಗೆ ಕೂರುವ ಕಡೆ ಇರುವ ಕಾಗದದ ಪ್ಯಾಕಿಂಗ್. ಅಲ್ಲಿ ಸಂದು ಬಿಟ್ಟರೆ ಗಾಳಿ ಕಳ್ಳದಾರಿಯಲ್ಲಿ ಒಳಗೆ ಹೋಗುತ್ತದೆ. ಜೆ.ಸಿ. ರಸ್ತೆಗೆ ಹೋದೆ. ಎಂಥ ಹಳೆಯ ಗಾಡಿಯ ಸಾಮಾನು ಕೇಳಿದರೂ ಸಿಗುವ ರಸ್ತೆ ಅದು. "ದೋಣಿದಾ?" ಅಂತ ನಾಲ್ಕು ಅಂಗಡಿಯವರು ನಾಲ್ಕು ಥರ ಮುಖ ನೋಡಿದರು. ಕೊನೆಗೆ ಪೆಟ್ರೋಲಿಗೆ ತಡೆಯುವ ಪ್ಯಾಕಿಂಗ್ ಶೀಟ್ ಕೊಂಡೆ. ಅದನ್ನು ಲೋಹದ ಅಂಚಿನ ಮೇಲಿಟ್ಟು ಸಣ್ಣ ಸುತ್ತಿಗೆಯಲ್ಲಿ ಸುತ್ತಲೂ ತಟ್ಟಿದರೆ ಅಚ್ಚು ಮೂಡುತ್ತದೆ. ಆ ಅಚ್ಚಿನ ಮೇಲೆ ಬ್ಲೇಡಿನಲ್ಲಿ ಕತ್ತರಿಸಿದರೆ ಆಯಿತು.

ಅಲ್ಲೇ ಹತ್ತಿರದಲ್ಲಿ ಆರ್‌ಎಕ್ಸ್ 100 ಬೈಕುಗಳನ್ನೇ ನೋಡುವ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದಾರೆ. ನನ್ನ ಸ್ಕೂಟರಿನ ವಿಷಯದಲ್ಲೂ ಅವರೇ ಗುರು. 2020ರ ಏಪ್ರಿಲ್‌ನಲ್ಲಿ ಹೊಗೆ ಮಾಲಿನ್ಯದ ಬಿಎಸ್ 6 ನಿಯಮ ಬಂದ ಮೇಲೆ ಹೊಸ ಬೈಕು, ಸ್ಕೂಟರುಗಳಿಗೆ ಬಹುತೇಕ ಫ್ಯೂಯೆಲ್ ಇಂಜೆಕ್ಷನ್. ಈಗಿನ ಹುಡುಗರ ಕೈಗೆ ಕಾರ್ಬುರೇಟರ್ ಸಿಗುವುದೇ ಕಡಿಮೆ. ಇವರ ಹತ್ತಿರ ಮಾತ್ರ ಯಾವಾಗಲೂ ನಾಲ್ಕೈದು ಗಾಡಿ ಕಾಯುತ್ತಿರುತ್ತವೆ. ನಾನು ಜೆಟ್ ತೋರಿಸಿದೆ. ಬೆಳಕಿಗೆ ಹಿಡಿದು ನೋಡಿ ತಲೆಯಾಡಿಸಿದರು.

"ಮೇಡಂ, ಟ್ಯೂನಿಂಗ್ ಎಲ್ಲಿ ಮಾಡ್ತೀರ?"

"ಇಲ್ಲೇ, ಮನೆ ಮೇಲೆ ಡ್ರಮ್ಮಲ್ಲಿ."

"ಊಟಿ ಹತ್ತಿದ್ರೆ ನಮ್ ಆರ್‌ಎಕ್ಸ್‌ಗೂ ಉಸಿರು ಕಟ್ಟುತ್ತೆ. ಪೆಟ್ರೋಲ್ ಜಾಸ್ತಿ ಆಗಿರಲ್ಲ, ಗಾಳಿ ಕಮ್ಮಿ ಆಗಿರುತ್ತೆ. ಗಾಡಿ ಎಲ್ಲಿ ಓಡುತ್ತೋ ಅಲ್ಲಿ ಟ್ಯೂನ್ ಮಾಡ್ಬೇಕು."

ಹೂಂ ಅಂದೆ. ಊಟಿ ಎಲ್ಲಿ, ನಾನು ಎಲ್ಲಿ ಅಂತ ಮನಸ್ಸಿನಲ್ಲಿತ್ತು.

ಈ ಇಂಜಿನ್ನನ್ನು ನೀರಿಲ್ಲದೆ ಚಾಲೂ ಮಾಡಲೇಬಾರದು. ಕೆಳಗಿನ ಕಾಲಿನಲ್ಲಿ ರಬ್ಬರಿನ ರೆಕ್ಕೆಯ ಪಂಪ್ ಇದೆ, ಅದು ಹೊಳೆಯ ನೀರನ್ನೇ ಮೇಲೆತ್ತಿ ಇಂಜಿನ್ ತಣಿಸುತ್ತದೆ. ಒಣಗಿದ್ದಾಗ ತಿರುಗಿದರೆ ರಬ್ಬರ್ ಕ್ಷಣಗಳಲ್ಲಿ ಹಾಳು. ಅದಕ್ಕೆ 200 ಲೀಟರಿನ ನೀಲಿ ಡ್ರಮ್ ಬೇಕಾಯಿತು. ಬೆಂಗಳೂರಿನಲ್ಲಿ ಅಷ್ಟು ನೀರನ್ನು ಆಟಕ್ಕೆ ಸುರಿಯುವ ಮನಸ್ಸು ಯಾರಿಗೆ ಬರುತ್ತದೆ? 2024ರ ಬೇಸಿಗೆಯಲ್ಲಿ ಕುಡಿಯುವ ನೀರಿನಲ್ಲಿ ಗಾಡಿ ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ್ದು ನೆನಪಿದೆ ಅಲ್ವಾ? ನಮ್ಮ ನಲ್ಲಿಗೆ ಬರುವ ಕಾವೇರಿ ಸುಮಾರು 100 ಕಿ.ಮೀ. ದೂರದಿಂದ, 500 ಮೀಟರಿನಷ್ಟು ಮೇಲೆ ಪಂಪ್ ಆಗಿ ಬರುವ ನೀರು. ಅದೃಷ್ಟಕ್ಕೆ ಅಕ್ಟೋಬರ್ ಮಳೆ ಚೆನ್ನಾಗಿ ಹೊಡೆಯುತ್ತಿತ್ತು. ಎರಡು ರಾತ್ರಿಯ ಮಳೆಗೆ ತಾರಸಿಯ ಕೊಳವೆ ಕೆಳಗಿಟ್ಟ ಡ್ರಮ್ ತುಂಬಿತು.

ಡ್ರಮ್ ತುಂಬಿದ ಮರುದಿನ ಆಯುಧಪೂಜೆ. ಓನರ್ ಆಂಟಿ ಅವರ ಸ್ಕೂಟಿ, ಮಿಕ್ಸಿ, ನೀರಿನ ಮೋಟರ್ ಎಲ್ಲಕ್ಕೂ ಪೂಜೆ ಮಾಡಿ ತಾರಸಿಗೆ ಬಂದರು. ದೋಣಿ ಇಂಜಿನ್ ಮುಂದೆ ಸ್ವಲ್ಪ ಹೊತ್ತು ನಿಂತರು. "ಇದು ಸಮುದ್ರಕ್ಕೆ ಹೋಗುತ್ತೇನಮ್ಮಾ?" ಅಂದರು. ಹೊಳೆಗೆ ಅಂದೆ. "ನೀರಲ್ಲಿ ನಂಬಿ ಕೂರೋದು ಇದನ್ನೇ ಅಲ್ವಾ" ಅಂತ ಹೇಳಿ, ಅರಿಶಿನ ಕುಂಕುಮ ಹಚ್ಚಿ, ಒಂದು ಮೊಳ ಸೇವಂತಿಗೆ ಸುತ್ತಿದರು. ಅವರ ಆ ಮಾತು ನನ್ನೊಳಗೆ ಹಾಗೇ ಉಳಿದಿದೆ. ರಸ್ತೆಯಲ್ಲಿ ಸ್ಕೂಟರ್ ಕೆಟ್ಟರೆ ತಳ್ಳಿಕೊಂಡು ಬರಬಹುದು. ಹೊಳೆಬಾಯಿಯಲ್ಲಿ ಇಳಿತ ಇರುವಾಗ ಇಂಜಿನ್ ನಿಂತರೆ ದೋಣಿ ಸಮುದ್ರದ ಕಡೆಗೇ ಜಾರುತ್ತದೆ.

ಹೂವು ತೆಗೆದಿಟ್ಟು, ಲೀಟರಿಗೆ 20 ಮಿಲಿ ಎಣ್ಣೆ ಬೆರೆಸಿದ ಹೊಸ ಪೆಟ್ರೋಲ್ ಹಾಕಿ, ಹಗ್ಗ ಎಳೆದೆ. ಮೂರನೇ ಎಳೆತಕ್ಕೆ ಎದ್ದಿತು. ತಣಿಸುವ ನೀರು ಪಕ್ಕದ ತೂತಿನಿಂದ ಸಣ್ಣ ಧಾರೆಯಾಗಿ ಹೊರಬಿತ್ತು. ಚೋಕ್ ಬಿಟ್ಟರೂ ನಿಲ್ಲಲಿಲ್ಲ. ಆ ಖುಷಿಯನ್ನು ಹೇಗೆ ಹೇಳಲಿ!

ಆದರೆ ಓಟ ಸ್ವಲ್ಪ ಭಾರ ಅನ್ನಿಸಿತು. ಗುಳುಗುಳು ಅನ್ನುವ ಸದ್ದು, ಹೊಗೆಯೂ ಇತ್ತು. ಪೆಟ್ರೋಲ್ ಜಾಸ್ತಿ ಹೋಗುತ್ತಿದೆ ಅಂತ ನನ್ನ ಕಿವಿ ಹೇಳಿತು. ಮಿಶ್ರಣದ ಸ್ಕ್ರೂ ಕೆಲವು ಕಾರ್ಬುರೇಟರಿನಲ್ಲಿ ಗಾಳಿ ಒಳಬರುವ ಬಾಯಿಯ ಕಡೆ ಇರುತ್ತದೆ, ಅದು ಗಾಳಿಯ ಸ್ಕ್ರೂ. ಇಂಜಿನ್ ಕಡೆ ಇದ್ದರೆ ಅದು ಪೆಟ್ರೋಲಿನದು, ಒಳಗೆ ತಿರುಗಿಸಿದಷ್ಟೂ ಪೆಟ್ರೋಲ್ ಕಡಿಮೆ. ನಮ್ಮದು ಎರಡನೆಯದು. ಕಾಲು ಸುತ್ತು ಒಳಗೆ ಕೊಟ್ಟೆ. ಓಟ ಹಗುರಾಯಿತು. ಇನ್ನೊಂದು ಕಾಲು ಸುತ್ತು. ಇನ್ನೂ ಚಂದ. ಒಂದೂವರೆ ಇದ್ದದ್ದು ಒಂದಕ್ಕೆ ಬಂತು. ಊರಿನ ಮೆಕ್ಯಾನಿಕ್ ಸ್ವಲ್ಪ ಜಾಸ್ತಿ ಬಿಟ್ಟಿದ್ದಾರೆ, ನಾನು ಸರಿ ಮಾಡಿದೆ ಅಂದುಕೊಂಡೆ. ಪಕ್ಕದ ಮನೆ ಮಕ್ಕಳು ಗೋಡೆ ಹತ್ತಿ ಚಪ್ಪಾಳೆ ತಟ್ಟಿದರು.

ದಸರಾ ರಜೆಗೆ ನಾನೂ ಇಂಜಿನ್ನೂ ಒಟ್ಟಿಗೇ ಊರಿಗೆ ಹೋದೆವು. ರಾತ್ರಿ ಬಸ್ಸು. ಘಾಟಿ ಇಳಿಯುವಾಗ ಎಂದಿನಂತೆ ಕಿವಿ ಮುಚ್ಚಿಕೊಂಡಿತು, ಎರಡು ಸಲ ಉಗುಳು ನುಂಗಿದೆ.

ಸಂಜೆ ನಾಲ್ಕಕ್ಕೆ ದೋಣಿಗೆ ಬಿಗಿದೆವು. ಅಣ್ಣ ಹಗ್ಗ ಎಳೆದ. ಚೋಕಿನಲ್ಲಿ ಎದ್ದಿತು. ಚೋಕ್ ಬಿಟ್ಟ. ಎರಡು ಕೆಮ್ಮು, ನಿಂತುಹೋಯಿತು.

ಮತ್ತೆ ಎಳೆದ. ಅದೇ ಕೆಮ್ಮು. ಸೆಪ್ಟೆಂಬರಿನಲ್ಲಿ ಫೋನಿನಲ್ಲಿ ಕೇಳಿದ ಅದೇ ಕೆಮ್ಮು.

"ಎಂತ ಆಯ್ತ್ ಹೆಣೆ? ಬೆಂಗ್ಳೂರಲ್ಲಿ ಸಮಾ ಇದಿತ್ತಲ್ದಾ?" ಅಂದ ಅಣ್ಣ. ಬೈಯಲಿಲ್ಲ. ಅವನು ಯಾವತ್ತೂ ಬೈದವನಲ್ಲ. ಅದೇ ನನಗೆ ಇನ್ನೂ ಕಷ್ಟವಾಯಿತು. ಮೂರು ವಾರದ ದುಡಿಮೆ ಬಿಟ್ಟು, ನನ್ನನ್ನು ನಂಬಿ ಕಳಿಸಿದ್ದ.

ಜೆಟ್ ಮತ್ತೆ ಕಟ್ಟಿತಾ? ದಡದ ಪಕ್ಕದಲ್ಲೇ ಬಟ್ಟಲು ಬಿಚ್ಚಿ ನೋಡಿದೆ. ಶುಭ್ರವಾಗಿತ್ತು, ಬೆಳಕು ಕಾಣುತ್ತಿತ್ತು. ಆಮೇಲೆ ಸಂಶಯ ನನ್ನ ಕೈಯಾರೆ ಕತ್ತರಿಸಿದ ಪ್ಯಾಕಿಂಗ್ ಮೇಲೆ ಹೋಯಿತು. ಅಲ್ಲಿ ಗಾಳಿ ಹಿಡಿಯುತ್ತಿದ್ದರೂ ಇದೇ ಲಕ್ಷಣ. ಅದಕ್ಕೊಂದು ಸುಲಭದ ಪರೀಕ್ಷೆ ಇದೆ. ಸಂದಿನ ಸುತ್ತ ದಪ್ಪಗೆ ಗ್ರೀಸ್ ಮೆತ್ತಬೇಕು. ಸಂದು ಇದ್ದರೆ ಅದು ಮುಚ್ಚಿಹೋಗಿ ಓಟ ಬದಲಾಗುತ್ತದೆ. ಮೆತ್ತಿದೆ. ಏನೂ ಬದಲಾಗಲಿಲ್ಲ. ಚೋಕ್ ಅರ್ಧ ಎಳೆದಿಟ್ಟರೆ ಮಾತ್ರ ಚೆನ್ನಾಗಿ ಓಡುತ್ತಿತ್ತು. ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಎಲ್ಲಿಂದ ಬಂತು ಈ ಜಾಸ್ತಿ ಗಾಳಿ?

ಬಾಯಾರಿ ಚೀಲದಲ್ಲಿ ಕೈ ಹಾಕಿದೆ. ಬೆಂಗಳೂರಿನಲ್ಲಿ ಬಸ್ ಹತ್ತುವ ಮೊದಲು ಖಾಲಿ ಮಾಡಿ ಮುಚ್ಚಳ ಬಿಗಿದಿಟ್ಟಿದ್ದ ಪ್ಲಾಸ್ಟಿಕ್ ಬಾಟಲಿ ಕೈಗೆ ಸಿಕ್ಕಿತು. ಅದರ ಎರಡೂ ಪಕ್ಕ ಒಳಕ್ಕೆ ಕುಗ್ಗಿತ್ತು, ಯಾರೋ ಹಿಂಡಿದ ಹಾಗೆ. ಮುಚ್ಚಳ ತಿರುಗಿಸಿದೆ. ಸುಸ್ ಅಂತ ಗಾಳಿ ಒಳಗೆ ಹೋಗಿ ಬಾಟಲಿ ಟಪ್ ಅಂತ ಉಬ್ಬಿತು.

ಬಾಟಲಿ ಹಿಡಿದುಕೊಂಡು ಹಾಗೇ ಕೂತೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ 910 ಮಿಲಿಬಾರಿನ ಆಸುಪಾಸು. ಇಲ್ಲಿ 1,010ರ ಆಸುಪಾಸು. ನೂರಕ್ಕೆ ಹತ್ತು ಪಾಲು ವ್ಯತ್ಯಾಸ. ಬಾಟಲಿಯಲ್ಲಿದ್ದದ್ದು ಲಗ್ಗೆರೆಯ ತೆಳು ಗಾಳಿ, ಅದನ್ನು ಗಂಗೊಳ್ಳಿಯ ದಪ್ಪ ಗಾಳಿ ಹಿಂಡಿತ್ತು. ಕಿವಿ ಮುಚ್ಚಿಕೊಂಡದ್ದೂ ಅದಕ್ಕೇ. ಕಾರ್ಬುರೇಟರ್ ಕೂಡ ಅದನ್ನೇ ಹೇಳುತ್ತಿತ್ತು. ಅದೇ ಗಂಟಲಿನಲ್ಲಿ ಇಲ್ಲಿ ತೂಕದಲ್ಲಿ ಹೆಚ್ಚು ಗಾಳಿ ಹೋಗುತ್ತದೆ, ಪೆಟ್ರೋಲ್ ಆ ಪ್ರಮಾಣಕ್ಕೆ ಏರುವುದಿಲ್ಲ. ಆ ಮೆಕ್ಯಾನಿಕ್ ಊಟಿಯ ಮಾತು ಹೇಳಿದ್ದು ಇದನ್ನೇ. ಹತ್ತುವವರ ಕಷ್ಟ ಅವರು ಹೇಳಿದ್ದರು, ನಾನು ಇಳಿದು ಬಂದಿದ್ದೆ.

ಡ್ರಮ್ಮಿನದ್ದೂ ಪಾಲಿತ್ತು. ಇಕ್ಕಟ್ಟಿನ ಡ್ರಮ್ಮಿನಲ್ಲಿ ಓಡುವಾಗ ಇಂಜಿನ್ ಬಿಟ್ಟ ಹೊಗೆ ಅಲ್ಲೇ ಸುತ್ತಿ ಮತ್ತೆ ಅದರ ಉಸಿರಿಗೇ ಸೇರುತ್ತದೆ. ಪ್ರೊಪೆಲ್ಲರಿಗೆ ಗುಳ್ಳೆ ತುಂಬಿದ ನೀರು ಸಿಕ್ಕಿ ಭಾರವೇ ಬೀಳುವುದಿಲ್ಲ. ನಾನು ಕೇಳಿದ ಆ ಭಾರದ ಓಟ ಇಂಜಿನ್ನಿನ ತಪ್ಪಲ್ಲ, ಅದಿದ್ದ ಜಾಗದ್ದು. ಹಾಗೇ ಬಿಟ್ಟಿದ್ದರೆ ಇನ್ನೂ ದೊಡ್ಡ ತೊಂದರೆ ಆಗುತ್ತಿತ್ತು. 2-ಸ್ಟ್ರೋಕಿನಲ್ಲಿ ಎಣ್ಣೆ ಹೋಗುವುದೇ ಪೆಟ್ರೋಲಿನ ಜೊತೆ. ಪೆಟ್ರೋಲ್ ಕಮ್ಮಿ ಅಂದರೆ ಎಣ್ಣೆಯೂ ಕಮ್ಮಿ, ಬಿಸಿ ಜಾಸ್ತಿ. ಹೊಳೆಬಾಯಿಯ ನಡುವೆ ಪಿಸ್ಟನ್ ಕಚ್ಚಿಕೊಳ್ಳುವ ದಾರಿ ಅದು.

ನೋಟ್‌ಬುಕ್ ತೆಗೆದೆ. ಪೆನ್ಸಿಲಿನ ಅಕ್ಷರ ಅಲ್ಲೇ ಇತ್ತು. ಒಂದೂವರೆ ಸುತ್ತು. ಈ ದಡದಲ್ಲಿ, ಈ ಗಾಳಿಯಲ್ಲಿ, ಯಾರೋ ಕಿವಿಗೊಟ್ಟು ಕೇಳಿ ಇಟ್ಟ ಅಳತೆ ಅದು. ಸ್ಕ್ರೂಡ್ರೈವರ್ ಇಟ್ಟು ಅರ್ಧ ಸುತ್ತು ಹೊರಕ್ಕೆ ತಿರುಗಿಸಿದೆ.

"ಇನ್ನೊಂದ್ಸಲ ಎಳ್ದ್ ಕಾಂಬ" ಅಂದ ಅಣ್ಣ.

ಒಂದೇ ಎಳೆತ. ಚೋಕ್ ಬಿಟ್ಟ. ಕೆಮ್ಮಲಿಲ್ಲ. ಗೇರ್ ಹಾಕಿ ಮೆಲ್ಲಗೆ ಕೈ ತಿರುಗಿಸಿದ, ದೋಣಿಯ ಮೂತಿ ಸ್ವಲ್ಪ ಮೇಲೆದ್ದಿತು. ಹೊಳೆಯ ನಡುವಿನವರೆಗೆ ಹೋಗಿ ಬಂದೆವು. ಆಮೇಲೆ ನನ್ನನ್ನು ದಡದಲ್ಲಿ ಇಳಿಸಿ, ಬಲೆ ತುಂಬಿಕೊಂಡು ಅವನೊಬ್ಬನೇ ಕೋಡಿ ಕಡೆ ಹೊರಟ. ಸದ್ದು ಸಣ್ಣದಾಗುತ್ತಾ ಹೋಗಿ, ಅಲೆಯ ಸದ್ದಿನಲ್ಲಿ ಸೇರಿಹೋಗುವವರೆಗೂ ನಿಂತು ಕೇಳಿದೆ. ಎಲ್ಲೂ ತಡವರಿಸಲಿಲ್ಲ.

ಬೆಳಿಗ್ಗೆ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದೆವು. ಹಾಲು ಜಾಸ್ತಿ ಹಾಕಿದ ಕಾಫಿಯ ಬಣ್ಣ. ಹೀಗಿದ್ದರೆ ಸರಿ ಅಂತ ಅಣ್ಣನಿಗೆ ತೋರಿಸಿದೆ, ಬಟ್ಟಲಿನ ಕೆಳಗಿನ ಸ್ಕ್ರೂವನ್ನೂ ಅವನ ಕೈಯಲ್ಲೇ ಬಿಚ್ಚಿಸಿ ಹಾಕಿಸಿದೆ. ಇಂಜಿನ್ ಮುಚ್ಚಳದ ಒಳಬದಿಯಲ್ಲಿ ಮಾರ್ಕರ್ ಪೆನ್ನಿನಲ್ಲಿ "ಗಂಗೊಳ್ಳಿ – ಒಂದೂವರೆ" ಅಂತ ಬರೆದೆ. ಮುಚ್ಚಳದ ಹೊರಗೆ, ಓನರ್ ಆಂಟಿ ಇಟ್ಟ ಕುಂಕುಮ ಉಪ್ಪುನೀರಿಗೆ ಅರ್ಧ ತೊಳೆದುಹೋಗಿತ್ತು. ಅಣ್ಣ ಇಂಜಿನ್ನನ್ನೆಲ್ಲ ಒರೆಸಿದ. ಅಷ್ಟು ಜಾಗ ಮಾತ್ರ ಬಿಟ್ಟ.